ಬಳ್ಳಾರಿಯ 6641 ಮಕ್ಕಳು

ಬ್ಲಾಗಿಗೆ ಧೂಳು ಹಿಡಿದಿದೆ ಅಂತ ಇಬ್ಬರು ಗೆಳೆಯರು ಬೈದರು. ಏನು ಮಾಡಲಿ, ಆಫೀಸಿನಲ್ಲಿ ಹೊಸ ಪ್ರಾಜೆಕ್ಟು. ಹೊರದೇಶದ ಶಾಲೆಗಳಿಗೆ ಡ್ಯಾಶ್‌ಬೋರ್ಡ್ ಮಾಡಿಕೊಡುವ ಕೆಲಸ. ಮಗುವಿನ ಹಾಜರಿ, ಟೆಸ್ಟಿನ ಅಂಕ, ಹೋಮ್‌ವರ್ಕ್ ಕೊಟ್ಟಿತೋ ಇಲ್ಲವೋ, ಎಲ್ಲವೂ ಒಂದೇ ಕಡೆ ಬಂದು ಬೀಳುತ್ತದೆ. ಹಿಂದೆ ಬೀಳುತ್ತಿರುವ ಮಗುವಿನ ಹೆಸರು ಕೆಂಪಗಾಗುತ್ತದೆ. ಟೀಚರ್ ಆ ಕೆಂಪು ಹೆಸರನ್ನು ನೋಡಿ ಏನಾದರೂ ಮಾಡಬೇಕು. ಆ "ಏನಾದರೂ" ಏನು ಅನ್ನುವುದು ನಮ್ಮ ಸ್ಪೆಸಿಫಿಕೇಷನ್‌ನಲ್ಲಿ ಇಲ್ಲ :-)

ಪ್ರಾಜೆಕ್ಟಿನ ಮೊದಲ ವಾರ ನಮಗೊಂದು ಟ್ರೇನಿಂಗ್ ಇತ್ತು. ಹೀಗೆ ಮಕ್ಕಳ ಮಾಹಿತಿ ಕಲೆಹಾಕಿ, ಯಾವ ಗುಂಪು ಹಿಂದಿದೆ ಎಂದು ನೋಡಿ, ಅಲ್ಲಿಗೆ ಸಹಾಯ ಕಳಿಸುವ ವಿಚಾರಕ್ಕೆ ಹೆಚ್ಚೆಂದರೆ ಇಪ್ಪತ್ತು ಮೂವತ್ತು ವರ್ಷ ವಯಸ್ಸು ಅಂತ ಪಾಠ ಮಾಡಿದವರು ಹೇಳಿದರು. ನನಗೆ ತಲೆಯಲ್ಲಿ ಹುಳ ಬಿಟ್ಟ ಹಾಗಾಯಿತು. ಯಾಕೆಂದರೆ ಧರಂಪಾಲ್ ಅವರ 'ದಿ ಬ್ಯೂಟಿಫುಲ್ ಟ್ರೀ' (1983) ಪುಸ್ತಕ ಕಾಲೇಜಿನ ದಿನಗಳಿಂದಲೂ ನನ್ನ ಹತ್ತಿರ ಇದೆ. ಅದರ ಮುಕ್ಕಾಲು ಭಾಗ ಹಳೇ ಸರ್ಕಾರಿ ಪತ್ರಗಳು, ಕೋಷ್ಟಕಗಳು. ಇನ್ನೂರು ವರ್ಷದ ಹಿಂದೆ ಮದ್ರಾಸ್ ಪ್ರಾಂತ್ಯದಲ್ಲಿ ನಡೆದ ಒಂದು ಭಾರೀ ಶಾಲಾ ಲೆಕ್ಕದ ದಾಖಲೆ ಅದು. ನಮ್ಮ ಬಳ್ಳಾರಿಯೂ ಅದರಲ್ಲಿದೆ. ಕಳೆದ ಎರಡು ಭಾನುವಾರ ಕೂತು ಬಳ್ಳಾರಿಯ ಅಂಕಿಗಳನ್ನು ಎಕ್ಸೆಲ್‌ಗೆ ಇಳಿಸಿದೆ. ಅದರ ಕಥೆ ಇದು. ಸ್ವಲ್ಪ ಉದ್ದ ಇದೆ, ಕಾಫಿ ಹಿಡಿದುಕೊಂಡು ಕೂತುಕೊಳ್ಳಿ.

ಕಥೆಯ ನಾಯಕ ಥಾಮಸ್ ಮನ್ರೋ. ಮಂತ್ರಾಲಯದ ರಾಯರ ಕಥೆಯಲ್ಲಿ ಬರುತ್ತಾರಲ್ಲ, ಅದೇ ಮನ್ರೋ ಸಾಹೇಬರು. ಟಿಪ್ಪು ಬಿದ್ದ ಮೇಲೆ 1799ರಲ್ಲಿ ಕೆನರಾ ಜಿಲ್ಲೆಗೆ ಕಲೆಕ್ಟರಾಗಿ ಬಂದರು. 1800ರಿಂದ 1807ರವರೆಗೆ ನಿಜಾಮ ಬಿಟ್ಟುಕೊಟ್ಟ ಸೀಮೆಗೆ, ಅಂದರೆ ಬಳ್ಳಾರಿ, ಅನಂತಪುರ, ಕಡಪಾ ಕಡೆಗೆ, ಪ್ರಿನ್ಸಿಪಲ್ ಕಲೆಕ್ಟರ್. 1820ರಲ್ಲಿ ಮದ್ರಾಸಿನ ಗವರ್ನರ್. ಕುದುರೆಯ ಮೇಲೆ ಊರೂರು ಸುತ್ತಿ ಹೊಲ ಅಳೆಸಿದ ಮನುಷ್ಯ, ಅಳತೆಯ ಹುಚ್ಚು ಇದ್ದವರು. 1822ರ ಜೂನ್ 25ರಂದು ಅವರು ಬರೆದ ಟಿಪ್ಪಣಿಯ ತಾತ್ಪರ್ಯ ಇಷ್ಟು: ಈ ದೇಶದ ಜನ ಅಜ್ಞಾನಿಗಳು, ಅವರಿಗೆ ವಿದ್ಯೆ ಕೊಡಬೇಕು ಎಂದು ಇಲ್ಲಿಯೂ ಇಂಗ್ಲೆಂಡಿನಲ್ಲಿಯೂ ಎಲ್ಲರೂ ಮಾತಾಡುತ್ತಾರೆ, ಆದರೆ ಈಗ ಎಷ್ಟು ಜನ ಓದುತ್ತಿದ್ದಾರೆ ಎನ್ನುವ ಲೆಕ್ಕ ಯಾರ ಹತ್ತಿರವೂ ಇಲ್ಲ. ಮೊದಲು ಎಣಿಸೋಣ.

ಎಣಿಸುವುದಕ್ಕೆ ಒಂದು ನಮೂನೆ ಕೊಟ್ಟರು. ಇದನ್ನು ನೋಡಿದಾಗ ನನ್ನೊಳಗಿನ ಡೇಟಾಬೇಸ್ ಪ್ರಾಣಿ ಎದ್ದು ಕೂತಿತು. ಶಾಲೆಗಳ ಸಂಖ್ಯೆ, ಆಮೇಲೆ ವಿದ್ಯಾರ್ಥಿಗಳು: ಬ್ರಾಹ್ಮಣ, ವೈಶ್ಯ, ಶೂದ್ರ, 'ಇತರ ಎಲ್ಲಾ ಜಾತಿಗಳು', ಮುಸಲ್ಮಾನರು. ಪ್ರತಿಯೊಂದರಲ್ಲೂ ಗಂಡು, ಹೆಣ್ಣು, ಒಟ್ಟು. ಕೊನೆಯಲ್ಲಿ ಜಿಲ್ಲೆಯ ಜನಸಂಖ್ಯೆ. ಇದಲ್ಲದೆ ಯಾವ ಪುಸ್ತಕ ಓದಿಸುತ್ತಾರೆ, ಎಷ್ಟು ವರ್ಷ ಓದುತ್ತಾರೆ, ತಿಂಗಳಿಗೆ ಎಷ್ಟು ಖರ್ಚು, ಇನಾಂ ಏನಾದರೂ ಉಂಟೇ ಎಂಬ ಪ್ರಶ್ನೆಗಳು. ನಾಡಶಾಲೆಗಳ ನಡವಳಿಕೆಯಲ್ಲಿ ಕೈ ಹಾಕುವ ಉದ್ದೇಶ ಖಂಡಿತ ಇಲ್ಲ, ಜನರ ಪಾಡಿಗೆ ಜನರನ್ನು ಬಿಡಬೇಕು ಎಂದೂ ಮನ್ರೋ ಸ್ಪಷ್ಟವಾಗಿ ಬರೆದರು. ಜುಲೈನಲ್ಲಿ ಬೋರ್ಡ್ ಆಫ್ ರೆವಿನ್ಯೂ ಎಲ್ಲ ಕಲೆಕ್ಟರುಗಳಿಗೆ ಸುತ್ತೋಲೆ ಕಳಿಸಿತು.

ಉತ್ತರ ಬರುವುದಕ್ಕೆ ಹಿಡಿದದ್ದು ಎರಡೂವರೆ ವರ್ಷ! (ನಮ್ಮ ಕ್ಲೈಂಟುಗಳ ಬಗ್ಗೆ ಇನ್ನು ಮೇಲೆ ನಾನು ಗೊಣಗುವುದಿಲ್ಲ.) ಕೆಲವರು ಶ್ರದ್ಧೆಯಿಂದ ಬರೆದರು, ಕೆಲವರು ಕಾಟಾಚಾರಕ್ಕೆ ಕೋಷ್ಟಕ ತುಂಬಿ ಕೈ ತೊಳೆದುಕೊಂಡರು. ಆಗ ಕಂಪನಿಯ ಕೈಲಿದ್ದ ಶ್ರೀರಂಗಪಟ್ಟಣದಿಂದಲೂ ಲೆಕ್ಕ ಹೋಯಿತು. ಹೋಗದೇ ಇದ್ದದ್ದು ಒಂದೇ ಕಡೆಯಿಂದ, ಕೆನರಾದಿಂದ. ಅಂದರೆ ಇವತ್ತಿನ ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ, ಕಾಸರಗೋಡು. ಪಟ್ಟಿ ಮಾಡಲು ಬಹಳ ಸಮಯ ಹಿಡಿಯುತ್ತದೆ, ಇಲ್ಲಿ ಕಾಲೇಜುಗಳಿಲ್ಲ, ಖಾಯಂ ಶಾಲೆ ಅಂತಲೂ ಇಲ್ಲ, ಮಕ್ಕಳಿಗೆ ಖಾಸಗಿಯಾಗಿ ಕಲಿಸಿಕೊಳ್ಳುತ್ತಾರೆ ಎಂದು ಅಲ್ಲಿನ ಕಲೆಕ್ಟರ್ ಸಾಹೇಬರು 1822ರ ಆಗಸ್ಟಿನಲ್ಲಿ ಬರೆದು ವಿಷಯ ಮುಗಿಸಿಬಿಟ್ಟರು. ಮನ್ರೋ ಸ್ವತಃ ಮೊದಲು ಆಳಿದ ಜಿಲ್ಲೆಯೇ ಖಾಲಿ. ಮಂಗಳೂರಿನ ಕಡೆಯ ಬ್ಲಾಗಿಗರು ನನ್ನನ್ನು ಕ್ಷಮಿಸಬೇಕು, ನಿಮ್ಮ ಕಡೆಯ ಸಾಲಿನಲ್ಲಿ ಹಾಕಲು ನನ್ನ ಹತ್ತಿರ ಏನೂ ಇಲ್ಲ. ಸೊನ್ನೆ ಹಾಕುವ ಹಾಗೂ ಇಲ್ಲ. ಸೊನ್ನೆಯೇ ಬೇರೆ, ಗೊತ್ತಿಲ್ಲ ಅನ್ನುವುದೇ ಬೇರೆ.

ಬಳ್ಳಾರಿಯ ಉತ್ತರ ಬಂದದ್ದು ತಡವಾಗಿ, 1823ರ ಆಗಸ್ಟ್ 17ರ ತಾರೀಕು ಹೊತ್ತು. ಆದರೆ ಇಡೀ ಸಂಗ್ರಹದಲ್ಲಿ ಅದಕ್ಕೆ ಸಾಟಿಯಾದ ಪತ್ರ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. ಬರೆದವರು ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್. ಈತ 1816ರಲ್ಲೇ ತೆಲುಗು ವ್ಯಾಕರಣ ಬರೆದಿದ್ದ ಮನುಷ್ಯ, ಮುಂದೆ ತೆಲುಗು ನಿಘಂಟನ್ನೂ ತಂದವರು. ಭಾಷೆ ಗೊತ್ತಿದ್ದವರು ಶಾಲೆಗೆ ಹೋದರೆ ಕಾಣುವುದೇ ಬೇರೆ.

ಮೊದಲು ಅಂಕಿಗಳು. ಜಿಲ್ಲೆಯ ಜನಸಂಖ್ಯೆ 9,27,857. ಶಾಲೆಗಳು 533. ಮಕ್ಕಳು 6,641. ಸಾವಿರಕ್ಕೆ ಏಳು ಜನವೂ ಓದುತ್ತಿಲ್ಲ ಎಂದು ಕ್ಯಾಂಪ್‌ಬೆಲ್ ಬರೆಯುತ್ತಾರೆ. (ನಾನು ಭಾಗಿಸಿ ನೋಡಿದೆ, 7.16 ಬರುತ್ತದೆ. ಏಳಕ್ಕಿಂತ ಒಂದು ಚೂರು ಮೇಲೆ. ಸಾಹೇಬರ ಬೇಸರದಲ್ಲಿ ಅದು ಹೋಯಿತು, ಬಿಡಿ.) ಶಾಲೆಗಳಲ್ಲಿ ಇಂಗ್ಲಿಷ್ ಒಂದರಲ್ಲಿ, ತಮಿಳು ನಾಲ್ಕರಲ್ಲಿ, ಪರ್ಷಿಯನ್ 21ರಲ್ಲಿ, ಮರಾಠಿ 23ರಲ್ಲಿ, ತೆಲುಗು 226ರಲ್ಲಿ, ಕನ್ನಡ 235ರಲ್ಲಿ. ಇವಲ್ಲದೆ ಬ್ರಾಹ್ಮಣರು ಮಾತ್ರ ಹೋಗುವ 23 ಪಾಠಶಾಲೆಗಳು. ಕೂಡಿಸಿದರೆ ಸರಿಯಾಗಿ 533. ಇನ್ನೂರು ವರ್ಷದ ಹಿಂದೆ ಬಳ್ಳಾರಿಯ ಕಚೇರಿಯಲ್ಲಿ ಕೂತಿದ್ದ ಯಾವನೋ ಗುಮಾಸ್ತ ಟೋಟಲ್ ತಪ್ಪಿಲ್ಲ! ಆಗಿನ ಬಳ್ಳಾರಿ ಜಿಲ್ಲೆಯಲ್ಲಿ ಅನಂತಪುರ, ಆದೋನಿ ಎಲ್ಲ ಸೇರಿತ್ತು ಎನ್ನುವುದನ್ನು ನೆನಪಿಟ್ಟುಕೊಳ್ಳಿ. ಅದಕ್ಕೇ ತೆಲುಗು ಕನ್ನಡ ಹೆಚ್ಚುಕಮ್ಮಿ ಸಮಸಮ. ಆದರೂ ಒಂಬತ್ತು ಶಾಲೆಯಿಂದ ನಾವೇ ಗೆದ್ದಿದ್ದೇವೆ :-)

ಮಕ್ಕಳ ಲೆಕ್ಕ ಹೀಗಿದೆ. ಬ್ರಾಹ್ಮಣ ಹುಡುಗರು 1,185, ವೈಶ್ಯ 981, ಶೂದ್ರ 2,998, 'ಇತರ ಎಲ್ಲಾ ಜಾತಿ' 1,174, ಹಿಂದೂ ಹುಡುಗಿಯರು 60, ಮುಸಲ್ಮಾನರು 243. ಇದೂ ಕೂಡಿಸಿದರೆ 6,641. ಮುಸಲ್ಮಾನ ಹುಡುಗಿಯರು ಒಬ್ಬರೂ ಇಲ್ಲ.

ಈ ಅಂಕಿಗಳ ಜಗಳಕ್ಕೆ ಆಮೇಲೆ ಬರುತ್ತೇನೆ. ಮೊದಲು ಶಾಲೆಯೊಳಗೆ ಹೋಗೋಣ, ಯಾಕೆಂದರೆ ಈ ಪತ್ರದಲ್ಲಿ ನನಗೆ ಬಹಳ ಇಷ್ಟವಾದದ್ದು ಅದು. ಐದನೇ ವಯಸ್ಸಿಗೆ ಅಕ್ಷರಾಭ್ಯಾಸ. ಮೇಷ್ಟ್ರು ಮತ್ತು ಶಾಲೆಯ ಮಕ್ಕಳೆಲ್ಲ ಮಗುವಿನ ಮನೆಗೇ ಬರುತ್ತಾರೆ, ಗಣಪತಿಯ ಸುತ್ತ ಕೂರುತ್ತಾರೆ, ಮೇಷ್ಟ್ರು ಮಗುವಿನ ಬೆರಳು ಹಿಡಿದು ಅಕ್ಕಿಯ ಮೇಲೆ ಬರೆಸುತ್ತಾರೆ. ಮರುದಿನದಿಂದ ಶಾಲೆ. ಬೆಳಿಗ್ಗೆ ಆರಕ್ಕೆ! ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಾರೆ. ಎರಡನೆಯವನ ಅಂಗೈಗೆ ಒಂದು ಸೊನ್ನೆ, ಹೊಗಳಿಕೆಯೂ ಇಲ್ಲ ತೆಗಳಿಕೆಯೂ ಇಲ್ಲ ಎಂಬ ಅರ್ಥದಲ್ಲಿ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಒಂದೊಂದು ಹೆಚ್ಚುತ್ತಾ ಹೋಗುತ್ತದೆ. ಒಂದು ಶಾಲೆಗೆ ಸರಾಸರಿ ಹನ್ನೆರಡು ಮಕ್ಕಳು, ಅಂದರೆ ಕೊನೆಗೆ ಬಂದವನಿಗೆ ಹತ್ತು. ಹಾಜರಿ ಪುಸ್ತಕವೇ ಬೇಡ, ಅಂಗೈ ನೋಡಿದರೆ ಸಾಕು. ಸೋಮಾರಿಗಳಿಗೆ ಕೂತು ಏಳುವ ಶಿಕ್ಷೆ. ಅದು ಬಲು ನೋವಿನ ಶಿಕ್ಷೆ, ಆದರೆ ಆರೋಗ್ಯಕ್ಕೆ ಒಳ್ಳೆಯದಿರಬಹುದು ಎಂದು ಸಾಹೇಬರ ಷರಾ. ನಮ್ಮ ಬಸ್ಕಿ, ಇನ್ನೇನು.

ಓದಿದ್ದು ಏನು? ರಾಮಾಯಣ, ಮಹಾಭಾರತ, ಭಾಗವತ. ಲಿಂಗವಂತರ ಮಕ್ಕಳಿಗೆ ಬಸವಪುರಾಣ, ಗಿರಿಜಾ ಕಲ್ಯಾಣ, ಚೆನ್ನಬಸವಪುರಾಣ, ಅನುಭವಾಮೃತ. ಕತೆಗೆ ಪಂಚತಂತ್ರ. ವ್ಯಾಕರಣ, ನಿಘಂಟಿಗೆ ಅಮರ, ಶಬ್ದಮಣಿದರ್ಪಣ. ಕೇಶಿರಾಜ ಬಳ್ಳಾರಿಯ ಹಳ್ಳಿ ಶಾಲೆಯಲ್ಲಿ 1823ರಲ್ಲಿ ಇದ್ದ ಅಂದರೆ ನನಗೆ ರೋಮಾಂಚನವೇ ಆಯಿತು. ಆದರೆ ಕ್ಯಾಂಪ್‌ಬೆಲ್‌ಗೆ ಆಗಲಿಲ್ಲ. ಮಕ್ಕಳು ಗಿಣಿಪಾಠ ಮಾಡುತ್ತಾರೆ, ಓದುವ ಕಾವ್ಯದ ಭಾಷೆಗೂ ಆಡುವ ಭಾಷೆಗೂ ಸಂಬಂಧವಿಲ್ಲ, ಎಷ್ಟೋ ಸಲ ಮೇಷ್ಟ್ರಿಗೇ ಅರ್ಥ ಗೊತ್ತಿರುವುದಿಲ್ಲ ಎಂಬ ದೂರು ಅವರದ್ದು. ನಾನು ಹಳಗನ್ನಡ ಪದ್ಯ ಬಾಯಿಪಾಠ ಮಾಡಿ ಹತ್ತನೇ ಕ್ಲಾಸು ಪಾಸಾದವನು, ಈ ವಿಷಯದಲ್ಲಿ ಸಾಹೇಬರ ಜೊತೆ ಜಗಳಕ್ಕೆ ಇಳಿಯುವುದಿಲ್ಲ.

ಬರೆಯುವುದು ಹೇಗೆ? ಮೊದಲು ಮರಳಿನ ಮೇಲೆ ಬೆರಳಲ್ಲಿ. ಆಮೇಲೆ ಹಲಗೆ, ಕಡತ. ಹಲಗೆ ಅಂದರೆ ಒಂದಡಿ ಅಗಲ, ಮೂರಡಿ ಉದ್ದದ ಮರದ ಪಟ್ಟಿ, ಅದಕ್ಕೆ ಅನ್ನ ಮತ್ತು ಇದ್ದಿಲ ಪುಡಿ ಬಳಿದು ಕಪ್ಪಾಗಿಸಿದ್ದು. ಕಡತ ಅಂದರೆ ಬಟ್ಟೆಗೆ ಗಂಜಿ ಹಾಕಿ ಬಿರುಸು ಮಾಡಿ, ಪುಸ್ತಕದ ಹಾಗೆ ಮಡಿಸಿ, ಇದ್ದಿಲು ಅಂಟು ಬಳಿದದ್ದು. ಬಳಪದಲ್ಲಿ ಬರೆಯುವುದು, ಒದ್ದೆ ಬಟ್ಟೆಯಲ್ಲಿ ಒರೆಸುವುದು. ವ್ಯಾಪಾರಿಗಳು ಲೆಕ್ಕ ಬರೆಯುತ್ತಿದ್ದದ್ದೂ ಇಂಥ ಕಡತಗಳಲ್ಲೇ, ಶೃಂಗೇರಿ ಮಠದ ಕಡತಗಳು ಇತಿಹಾಸ ಓದುವವರಿಗೆಲ್ಲ ಗೊತ್ತು. ಇವತ್ತು ಸರ್ಕಾರಿ ಕಚೇರಿಯಲ್ಲಿ 'ಕಡತ ವಿಲೇವಾರಿ' ಆಗದೆ ಕೂತಿರುತ್ತದಲ್ಲ, ಆ ಶಬ್ದ ಒಂದು ಕಾಲದಲ್ಲಿ ಐದು ವರ್ಷದ ಮಗುವಿನ ಕೈಲಿದ್ದ ಸ್ಲೇಟು.

ಇನ್ನೊಂದು ಸಂಗತಿ. ಶಾಲೆಯಲ್ಲಿ ಸಾಮಾನ್ಯವಾಗಿ ನಾಲ್ಕು ಗುಂಪು. ಕೆಳಗಿನ ಗುಂಪುಗಳಿಗೆ ಮುಂದಿನ ಹುಡುಗರೇ ಹೇಳಿಕೊಡುತ್ತಾರೆ, ಮೇಷ್ಟ್ರು ಮೇಲಿನವರಿಗೆ ಪಾಠ ಮಾಡುತ್ತಾ ಎಲ್ಲರ ಮೇಲೂ ಕಣ್ಣಿಟ್ಟಿರುತ್ತಾರೆ. ಗುಂಪು ಬದಲಾಗುವುದು ವಯಸ್ಸು ನೋಡಿ ಅಲ್ಲ, ಮಗು ಎಷ್ಟು ಕಲಿತಿದೆ ಎಂದು ನೋಡಿ. ಇದನ್ನು ಕ್ಯಾಂಪ್‌ಬೆಲ್ ಬಾಯ್ತುಂಬ ಹೊಗಳಿ, ಇಂಗ್ಲೆಂಡಿನಲ್ಲಿ ಇದನ್ನು ಅನುಕರಿಸಿದ್ದು ಸರಿಯಾಗಿಯೇ ಇದೆ ಎನ್ನುತ್ತಾರೆ. ಮದ್ರಾಸಿನ ಎಗ್ಮೋರಿನ ಅನಾಥ ಬಾಲಕರ ಶಾಲೆಯಲ್ಲಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ ಇಲ್ಲಿನ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ನೋಡಿ, 1797ರಲ್ಲಿ ಪುಸ್ತಕ ಬರೆದು, ಆ ಪದ್ಧತಿ 'ಮದ್ರಾಸ್ ಸಿಸ್ಟಂ' ಎಂಬ ಹೆಸರಲ್ಲಿ ಇಂಗ್ಲೆಂಡಿಗೆ ಹೋಗಿತ್ತು. ನಮ್ಮ ಪಿಯರ್ ಲರ್ನಿಂಗ್!

ಈಗ ನೋವಿನ ಭಾಗಕ್ಕೆ ಬರೋಣ. ಮೊದಲು ಶಾಲೆಗಳಿದ್ದ ಎಷ್ಟೋ ಹಳ್ಳಿಗಳಲ್ಲಿ ಈಗ ಶಾಲೆಯೇ ಇಲ್ಲ, ದೊಡ್ಡ ಶಾಲೆಗಳಿದ್ದ ಕಡೆ ಈಗ ಉಳ್ಳವರ ಮನೆಯ ನಾಲ್ಕಾರು ಮಕ್ಕಳು ಮಾತ್ರ ಇದ್ದಾರೆ ಎಂದು ಕ್ಯಾಂಪ್‌ಬೆಲ್ ಬರೆಯುತ್ತಾರೆ. ಕಾರಣವನ್ನೂ ಮುಚ್ಚಿಡುವುದಿಲ್ಲ: ದೇಶ ಬಡವಾಗುತ್ತಿದೆ. ಇಂಗ್ಲೆಂಡಿನ ಬಟ್ಟೆ ಬಂದು ಇಲ್ಲಿನ ನೇಕಾರಿಕೆ ಕೆಟ್ಟಿದೆ, ಇಲ್ಲಿನ ಹಣ ಹೊರಗೆ ಹೋಗುತ್ತಿದೆ. ಮಧ್ಯಮ ಮತ್ತು ಕೆಳವರ್ಗದ ತಂದೆತಾಯಿಗೆ ಮೇಷ್ಟ್ರಿಗೆ ಕೊಡಲು ಹಣವಿಲ್ಲ, ಎಳೇ ಕೈಗಳು ಸ್ವಲ್ಪ ಬಲಿತ ಕೂಡಲೇ ದುಡಿಯಲು ಬೇಕಾಗುತ್ತವೆ. ಮೊದಲಿನ ದೊರೆಗಳು ವಿದ್ಯೆಗೆ ಇನಾಂ ಕೊಡುತ್ತಿದ್ದರು, ಈಗ 533 ಶಾಲೆಗಳಲ್ಲಿ ಒಂದಕ್ಕೂ ಸರ್ಕಾರದಿಂದ ಬಿಡಿಗಾಸು ಇಲ್ಲ, ಇದನ್ನು ಹೇಳಲು ನಾಚಿಕೆಯಾಗುತ್ತದೆ. ಕಂಪನಿ ಸರ್ಕಾರದ ನೌಕರ ಕಂಪನಿ ಸರ್ಕಾರಕ್ಕೇ ಬರೆದ ಮಾತು ಇದು. ಕೇಳಿದ್ದು ಬರೀ ಕೋಷ್ಟಕ, ಆತ ಕಳಿಸಿದ್ದು ರೋಗದ ಹೆಸರು.

ಈಗ ಆ ಅಂಕಿಗಳ ಜಗಳ. ಇಂಟರ್ನೆಟ್ಟಿನಲ್ಲಿ ಈ ಕೋಷ್ಟಕಗಳು ಎರಡು ಬಣಗಳ ಕೈಗೆ ಸಿಕ್ಕಿ ನಲುಗುತ್ತವೆ. ಒಂದು ಬಣ: ನೋಡಿ, ಶೂದ್ರ ಮತ್ತು ಇತರ ಜಾತಿಯ ಹುಡುಗರೇ ನೂರಕ್ಕೆ 63, ಆಗ ಭೇದವೇ ಇರಲಿಲ್ಲ. ಇನ್ನೊಂದು ಬಣ: ಎಲ್ಲ ಸುಳ್ಳು, ಬ್ರಾಹ್ಮಣರು ಬಿಟ್ಟು ಯಾರೂ ಓದುತ್ತಿರಲಿಲ್ಲ. ಎರಡನೆಯದು ನಿಲ್ಲುವುದಿಲ್ಲ, 2,998 ಮತ್ತು 1,174 ಕಣ್ಣೆದುರಿಗೇ ಇದೆ. ಆದರೆ ಮೊದಲನೆಯದೂ ನಿಲ್ಲುವುದಿಲ್ಲ. ನಮೂನೆಯಲ್ಲಿ ವಿದ್ಯಾರ್ಥಿಗಳನ್ನು ಜಾತಿವಾರು ಎಣಿಸಿದ್ದಾರೆ, ಜನಸಂಖ್ಯೆಯನ್ನು ಮಾತ್ರ ಒಟ್ಟಿಗೆ ಬರೆದಿದ್ದಾರೆ. ಮೇಲಿನ ಸಂಖ್ಯೆ ಇದೆ, ಭಾಗಿಸಬೇಕಾದ ಸಂಖ್ಯೆ ಇಲ್ಲ. ಬಳ್ಳಾರಿಯ ವಿದ್ಯಾರ್ಥಿಗಳಲ್ಲಿ ಬ್ರಾಹ್ಮಣರು ನೂರಕ್ಕೆ 18. ಮುಂದಿನ ಜನಗಣತಿಗಳಲ್ಲಿ ಇಡೀ ಮದ್ರಾಸ್ ಪ್ರಾಂತ್ಯದಲ್ಲಿ ಬ್ರಾಹ್ಮಣರು ನೂರಕ್ಕೆ ಮೂರರ ಆಸುಪಾಸು. ಅದು ಪ್ರಾಂತ್ಯದ ಲೆಕ್ಕ, ಬಳ್ಳಾರಿಯದ್ದಲ್ಲ, ಹಾಗಾಗಿ ನೇರವಾಗಿ ಭಾಗಿಸುವ ಹಾಗಿಲ್ಲ. ಆದರೂ ಅಂತರ ದೊಡ್ಡದಿತ್ತು ಅನ್ನುವುದಕ್ಕೆ ಇಷ್ಟು ಸಾಕು. ಎಷ್ಟು ದೊಡ್ಡದು ಎಂದು ಹೇಳಲು ಈ ಕೋಷ್ಟಕದಿಂದ ಸಾಧ್ಯವೇ ಇಲ್ಲ. ಇನ್ನು 'ಇತರ ಎಲ್ಲಾ ಜಾತಿಗಳು' ಎಂಬ ಕಾಲಂ! ಅದರೊಳಗೆ ಯಾರು ಯಾರನ್ನು ತುಂಬಿದರೋ ಆ ಗುಮಾಸ್ತನಿಗೇ ಗೊತ್ತು. ಡ್ರಾಪ್‌ಡೌನ್‌ನಲ್ಲಿ 'ಅದರ್ಸ್' ಅಂತ ಇಟ್ಟರೆ ಬೇಕಾದದ್ದೆಲ್ಲ ಅಲ್ಲೇ ಹೋಗಿ ಬೀಳುತ್ತದೆ ಅನ್ನುವುದು ನನ್ನ ವೃತ್ತಿಯವರಿಗೆಲ್ಲ ಗೊತ್ತಿರುವ ಸತ್ಯ.

ಎಲ್ಲ ಜಿಲ್ಲೆಗಳ ಲೆಕ್ಕ ಸೇರಿ ಮನ್ರೋ ಮೇಜಿಗೆ ಬಂದದ್ದು 1825ರಲ್ಲಿ. 1826ರ ಮಾರ್ಚ್ 10ರಂದು ಅವರು ಬರೆದ ಟಿಪ್ಪಣಿಯನ್ನು ನಾನು ಮೂರು ಸಲ ಓದಿದೆ. ಒಟ್ಟು ಶಾಲೆಗಳು 12,498. ವಿದ್ಯಾರ್ಥಿಗಳು 1,88,650. ಜನಸಂಖ್ಯೆ 1,28,50,941. ಸುಮ್ಮನೆ ಭಾಗಿಸಿದರೆ 68 ಜನಕ್ಕೆ ಒಬ್ಬ ವಿದ್ಯಾರ್ಥಿ. ಇದು ಮೋಸದ ಲೆಕ್ಕ, ಮುದುಕರೂ ಕೂಸುಗಳೂ ಶಾಲೆಗೆ ಬರುವುದಿಲ್ಲವಲ್ಲ ಎಂದು ಮನ್ರೋ ಸರಿಯಾಗಿಯೇ ಹಿಡಿಯುತ್ತಾರೆ. ಆಮೇಲೆ ಏನು ಮಾಡುತ್ತಾರೆ ನೋಡಿ. ಹೆಂಗಸರು ಶಾಲೆಗೆ ಬರುವುದೇ ಇಲ್ಲ ಎನ್ನಬಹುದು, ಆದ್ದರಿಂದ ಅರ್ಧ ತೆಗೆ. ಉಳಿದ ಗಂಡಸರಲ್ಲಿ ಐದರಿಂದ ಹತ್ತು ವರ್ಷದವರು ಒಂಬತ್ತರಲ್ಲಿ ಒಂದು ಪಾಲು, ಅಂದರೆ ಸುಮಾರು 7,13,000. ಶಾಲೆಯಲ್ಲಿರುವ ಹುಡುಗರು 1,84,110. ನಾಲ್ಕರಲ್ಲಿ ಒಬ್ಬನಿಗಿಂತ ಸ್ವಲ್ಪ ಮೇಲೆ! ಮನೆಯಲ್ಲೇ ಕಲಿಯುವವರೂ ಇದ್ದಾರೆ, ಮದ್ರಾಸ್ ಪಟ್ಟಣದಲ್ಲಿ ಅವರು ಶಾಲೆಗೆ ಹೋಗುವವರ ಐದು ಪಟ್ಟಿಗೂ ಹೆಚ್ಚು, ಆದ್ದರಿಂದ ಮೂರರಲ್ಲಿ ಒಬ್ಬ ಅಂತಲೇ ಇಟ್ಟುಕೊಳ್ಳೋಣ ಎನ್ನುತ್ತಾರೆ. ನಮ್ಮ ದೇಶಕ್ಕೆ ಹೋಲಿಸಿದರೆ ಕಡಿಮೆಯೇ, ಆದರೆ ಯುರೋಪಿನ ಹೆಚ್ಚಿನ ದೇಶಗಳಲ್ಲಿ ಇತ್ತೀಚಿನವರೆಗೂ ಇದ್ದದ್ದಕ್ಕಿಂತ ಮೇಲು ಎಂಬ ತೀರ್ಮಾನ.

ಸಾವಿರಕ್ಕೆ ಏಳು ಎಂದು ಅಳುವ ಬಳ್ಳಾರಿಯ ಕ್ಯಾಂಪ್‌ಬೆಲ್, ಮೂರರಲ್ಲಿ ಒಬ್ಬ ಎನ್ನುವ ಮದ್ರಾಸಿನ ಮನ್ರೋ. ಇಬ್ಬರೂ ನೋಡುತ್ತಿರುವುದು ಒಂದೇ ಸರ್ವೆಯನ್ನು. ಸುಳ್ಳು ಹೇಳುತ್ತಿರುವವರು ಯಾರೂ ಅಲ್ಲ. ಕೆಳಗಿನ ಸಂಖ್ಯೆ ಬದಲಾಗಿದೆ ಅಷ್ಟೇ. ನಡುವೆ ಕಳೆದುಹೋದದ್ದು ಮಾತ್ರ ಹುಡುಗಿಯರು. ಪ್ರಾಂತ್ಯಕ್ಕೆಲ್ಲ ಸೇರಿ 4,540 ಹುಡುಗಿಯರಿದ್ದರು (ಮೇಲಿನ ಎರಡು ಅಂಕಿ ಕಳೆದರೆ ಬರುತ್ತದೆ). ನಮೂನೆಯಲ್ಲಿ ಅವರಿಗೆ ಬೇರೆ ಕಾಲಂ ಇತ್ತು, ಎಣಿಸಿದ್ದೂ ಆಯಿತು. ಲೆಕ್ಕ ಸರಿಯಾಗಿ ಕಾಣಲಿ ಎಂದು ಅರ್ಧ ಜನಸಂಖ್ಯೆಯನ್ನು ಪಕ್ಕಕ್ಕಿಟ್ಟ ಕ್ಷಣದಲ್ಲಿ ಅತಿ ದೊಡ್ಡ ಅಂತರವೇ ಲೆಕ್ಕದಿಂದ ಹೊರಗೆ ಹೋಯಿತು. ಬಳ್ಳಾರಿಯ ಆ ಅರವತ್ತು ಹುಡುಗಿಯರು ಯಾರ ಮನೆಯವರು, ಯಾವ ಊರಿನವರು, ಏನು ಓದಿದರು? ಯಾರೂ ಕೇಳಲಿಲ್ಲ.

ಅಂಕಿ ಬಂತು, ಇನ್ನು ಕೆಲಸ. ಮನ್ರೋ ಬರೀ ಎಣಿಸಿ ಬಿಟ್ಟವರಲ್ಲ, ಯೋಜನೆ ಹಾಕಿದರು. ಮೇಷ್ಟ್ರಿಗೆ ತಿಂಗಳಿಗೆ ಆರೇಳು ರೂಪಾಯಿಯ ಮೇಲೆ ಹುಟ್ಟುವುದಿಲ್ಲ, ಅದಕ್ಕೆ ಒಳ್ಳೆಯವರು ಈ ಕೆಲಸಕ್ಕೆ ಬರುವುದಿಲ್ಲ ಎಂಬುದು ಅವರ ನಿದಾನ. ಪ್ರತಿ ಕಲೆಕ್ಟರೇಟಿಗೆ ಎರಡು ದೊಡ್ಡ ಶಾಲೆ, ಒಂದು ಹಿಂದೂಗಳಿಗೆ, ಒಂದು ಮುಸಲ್ಮಾನರಿಗೆ, ಮೇಷ್ಟ್ರಿಗೆ 15 ರೂಪಾಯಿ. ಪ್ರತಿ ತಹಶೀಲಿಗೆ ಒಂದು ಶಾಲೆ, ಮೇಷ್ಟ್ರಿಗೆ 9 ರೂಪಾಯಿ. ತರಬೇತಿ ಮತ್ತು ಪುಸ್ತಕಕ್ಕೆ ಮದ್ರಾಸಿನ ಸೊಸೈಟಿಗೆ ತಿಂಗಳಿಗೆ 700. ಇಪ್ಪತ್ತು ಕಲೆಕ್ಟರೇಟು, ಮುನ್ನೂರು ತಹಶೀಲು: 700, 300, 300, 2,700. ತಿಂಗಳಿಗೆ 4,000, ವರ್ಷಕ್ಕೆ 48,000 ರೂಪಾಯಿ. ಒಂದೂಕಾಲು ಕೋಟಿ ಜನರ ಪ್ರಾಂತ್ಯಕ್ಕೆ. ಮಕ್ಕಳ ಫೀಸೂ ಸೇರಿದರೆ ಒಂಬತ್ತು ರೂಪಾಯಿಯ ಮೇಷ್ಟ್ರ ಸ್ಥಿತಿ ಸ್ಕಾಟ್ಲೆಂಡಿನ ಹಳ್ಳಿ ಮೇಷ್ಟ್ರಿಗಿಂತ ವಾಸಿ ಎಂದು ಗ್ಲ್ಯಾಸ್ಗೋದಲ್ಲಿ ಹುಟ್ಟಿದ ಮನ್ರೋ ಅಂದಾಜು.

ನನಗೆ ತಕರಾರಿರುವುದು ಇಲ್ಲಿಯೇ. ಊರೂರಿನ ಶಾಲೆ ಎಣಿಸಿ, ಜಾತಿ ಎಣಿಸಿ, ಹುಡುಗ ಹುಡುಗಿ ಎಣಿಸಿ, ಮೂರು ವರ್ಷ ಕಳೆದು, ಕೊನೆಗೆ ಮಾಡಿದ್ದು ಎಲ್ಲ ತಹಶೀಲಿಗೂ ಒಂದೊಂದು ಶಾಲೆ! ಇದಕ್ಕೆ ಸರ್ವೆ ಯಾಕೆ ಬೇಕಿತ್ತು? ತಹಶೀಲುಗಳ ಪಟ್ಟಿ ಇದ್ದಿದ್ದರೆ ಸಾಕಾಗಿತ್ತು. ಕಡಿಮೆ ಮಕ್ಕಳಿರುವ ಕಡೆ ಎರಡು, ಹೆಚ್ಚಿರುವ ಕಡೆ ಆಮೇಲೆ ಅಂತಲೂ ಇಲ್ಲ. ಅದಕ್ಕಿಂತ ಮುಖ್ಯ, ಕಾಯಿಲೆ ಒಂದು, ಔಷಧ ಇನ್ನೊಂದು. ಕ್ಯಾಂಪ್‌ಬೆಲ್ ಹೇಳಿದ್ದು ತಂದೆತಾಯಿಯ ಕೈಲಿ ಕಾಸಿಲ್ಲ, ಮಗು ದುಡಿಯಲೇಬೇಕು ಎಂದು. ಮನ್ರೋ ಕೂಡ ಬಡತನದ ಮಾತಾಡುತ್ತಾರೆ, ಆದರೆ ಹಣ ಹೋದದ್ದು ಮೇಷ್ಟ್ರ ಸಂಬಳಕ್ಕೆ. ತಹಶೀಲಿನ ಊರಿನ ಶಾಲೆಗೆ ಹತ್ತು ಮೈಲಿ ಆಚೆಯ ನೇಕಾರನ ಮಗ ಬರುವುದು ಹೇಗೆ? ಆದರೂ ಮನ್ರೋ ಬಗ್ಗೆ ನನಗೆ ಗೌರವ ಕಡಿಮೆಯಾಗುವುದಿಲ್ಲ. ಮಾತಾಡುವ ಮೊದಲು ಎಣಿಸಬೇಕು ಎಂದವರು, ಎಣಿಸಿದ ಮೇಲೆ ದುಡ್ಡು ಕೊಡಿ ಎಂದು ಕೇಳಿದವರು. ಆ ಕಾಲಕ್ಕೆ ಎರಡೂ ಅಪರೂಪ.

ಮುಂದಿನದು ಬೇಗ ಹೇಳಿಬಿಡುತ್ತೇನೆ. 1827ರ ಜುಲೈ 6ರಂದು ಇದೇ ಸೀಮೆಯಲ್ಲಿ ಪ್ರವಾಸದಲ್ಲಿದ್ದಾಗ ಪತ್ತಿಕೊಂಡದಲ್ಲಿ ಕಾಲರಾದಿಂದ ಮನ್ರೋ ತೀರಿಕೊಂಡರು. ಮುನ್ನೂರು ಶಾಲೆಯ ಯೋಜನೆ ನೂರನ್ನೂ ಮುಟ್ಟಲಿಲ್ಲ. ಲಂಡನ್ನಿನವರ ಮನಸ್ಸು ಮೇಲ್ವರ್ಗದ ಉನ್ನತ ವಿದ್ಯೆ ಮತ್ತು ಇಂಗ್ಲಿಷಿನ ಕಡೆ ತಿರುಗಿತು, 1836ರಲ್ಲಿ ತಹಶೀಲು ಶಾಲೆಗಳಿಗೆ ಬಾಗಿಲು ಹಾಕಿದರು. ಕೋಷ್ಟಕಗಳು ಕಪಾಟು ಸೇರಿದವು.

ಅವು ಮತ್ತೆ ಹೊರಗೆ ಬಂದದ್ದು ಮಕ್ಕಳಿಗೆ ಪಾಠ ಹೇಳಲು ಅಲ್ಲ, ವಾದ ಗೆಲ್ಲಲು. 1931ರ ಅಕ್ಟೋಬರ್ 20ರಂದು ಲಂಡನ್ನಿನ ಚಾಥಂ ಹೌಸ್‌ನಲ್ಲಿ ಗಾಂಧೀಜಿ, ಐವತ್ತು ನೂರು ವರ್ಷದ ಹಿಂದಿಗಿಂತ ಇಂದು ಭಾರತದಲ್ಲಿ ಅನಕ್ಷರತೆ ಹೆಚ್ಚು, ಬ್ರಿಟಿಷರು ಬೇರನ್ನು ಅಗೆದು ನೋಡಿ ಹಾಗೇ ಬಿಟ್ಟರು, ಸುಂದರ ಮರ ಒಣಗಿತು ಎಂಬರ್ಥದ ಮಾತಾಡಿದರು. ಢಾಕಾ ವಿಶ್ವವಿದ್ಯಾಲಯದ ಉಪಕುಲಪತಿಯಾಗಿದ್ದ ಫಿಲಿಪ್ ಹಾರ್ಟಾಗ್ ಪುರಾವೆ ಎಲ್ಲಿ ಎಂದು ಹಿಡಿದುಕೊಂಡರು. ವರ್ಷಗಟ್ಟಲೆ ಪತ್ರ ವ್ಯವಹಾರ ನಡೆಯಿತು. ಹಾರ್ಟಾಗ್ 1939ರಲ್ಲಿ ಪುಸ್ತಕವನ್ನೇ ತಂದರು. ಧರಂಪಾಲ್ 1983ರಲ್ಲಿ ಇಡೀ ದಾಖಲೆ ಅಚ್ಚು ಹಾಕಿಸಿ ಗಾಂಧೀಜಿಯ ಆ ಮರದ ಹೆಸರನ್ನೇ ಇಟ್ಟರು. ಧರಂಪಾಲರ ಎಲ್ಲ ತೀರ್ಮಾನಗಳನ್ನು ನಾನು ಒಪ್ಪುವುದಿಲ್ಲ, ಆದರೆ ಕಚ್ಚಾ ದಾಖಲೆಯನ್ನು ಇಡಿಯಾಗಿ ಎದುರಿಗಿಟ್ಟು ನೀವೇ ನೋಡಿ ಎಂದದ್ದಕ್ಕೆ ಕೈಮುಗಿಯುತ್ತೇನೆ.

ಭಾಗಿಸುವ ಸಂಖ್ಯೆಯ ಮಾತು ಬಂತಲ್ಲ, ಅದನ್ನು ಸರಿಯಾಗಿ ಹಿಡಿದವರು ನಮ್ಮ ಮೈಸೂರಿನವರು. 1918ರಲ್ಲಿ ನಾಲ್ವಡಿಯವರು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿದರು. ಆ ಹೊತ್ತಿಗೆ ಜನಗಣತಿ ಬಂದಿತ್ತು, ಯಾವ ಸಮುದಾಯದಲ್ಲಿ ಎಷ್ಟು ಜನ, ಅವರಲ್ಲಿ ಓದು ಬಲ್ಲವರೆಷ್ಟು ಎಂದು ಪಕ್ಕಪಕ್ಕ ಇಟ್ಟು ನೋಡಬಹುದಾಗಿತ್ತು. 1919ರ ವರದಿ ಬರೀ ಅಂತರ ತೋರಿಸಿ ಕೂರಲಿಲ್ಲ, ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರನೇ ಎರಡು ಪಾಲು ಬ್ರಾಹ್ಮಣೇತರರಿಗೆ ಎಂದು ಗಡುವು ಹಾಕಿತು. ಈ ಪ್ರಶ್ನೆಯ ಮೇಲೇ ವಿಶ್ವೇಶ್ವರಯ್ಯನವರು ಭಿನ್ನಾಭಿಪ್ರಾಯದಿಂದ 1918ರ ಕೊನೆಗೆ ದಿವಾನಗಿರಿ ಬಿಟ್ಟರು. ಅದು ಇನ್ನೊಂದು ದಿನದ ಪೋಸ್ಟು, ಇಂಜಿನಿಯರುಗಳ ಜೊತೆ ಹೊಡೆದಾಟಕ್ಕೆ ಇವತ್ತು ಶಕ್ತಿ ಇಲ್ಲ.

ಇದನ್ನೆಲ್ಲ ನಮ್ಮ ಸೋದರತ್ತೆಗೆ ಫೋನಿನಲ್ಲಿ ಹೇಳಿದೆ. ಅವರು ಹಳ್ಳಿಯ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಒಂದು, ಎರಡು, ಮೂರನೇ ತರಗತಿಗೆ ಒಟ್ಟಿಗೆ ನಲಿಕಲಿ ಮಾಡಿದವರು. ಬಳ್ಳಾರಿಯ ನಾಲ್ಕು ಗುಂಪಿನ ಕಥೆ ಕೇಳಿ ಜೋರಾಗಿ ನಕ್ಕರು. "ಲೋ, ಅದು ನಮ್ಮದೇ ಕಣೋ" ಅಂದರು. ನಲಿಕಲಿ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಮೇಷ್ಟ್ರುಗಳೇ ಆಂಧ್ರದ ರಿಷಿ ವ್ಯಾಲಿಗೆ ಹೋಗಿ ನೋಡಿ ಬಂದು ಶುರು ಮಾಡಿದ ಪದ್ಧತಿ, 2009-10ರಲ್ಲಿ ರಾಜ್ಯಕ್ಕೆಲ್ಲ ಹಬ್ಬಿತು. ಅಲ್ಲಿ ಮಗು ತನ್ನ ಮೈಲಿಗಲ್ಲು ತಾನೇ ನೋಡಿ ಕಾರ್ಡ್ ತೆಗೆದುಕೊಂಡು, ಕಲಿತ ಹಾಗೆ ಗುಂಪು ಬದಲಾಯಿಸುತ್ತದೆ. ಕೆಲವು ಗುಂಪಿಗೆ ಮೇಷ್ಟ್ರು, ಕೆಲವಕ್ಕೆ ಸಹಪಾಠಿಗಳು. ಪ್ರಗತಿ ನೋಟ ಗೋಡೆಯ ಮೇಲೇ ಇರುತ್ತದೆ. "ಆನ್‌ಲೈನಿನಲ್ಲಿ ನಾನು ತುಂಬುವ ಮಾಹಿತಿ ಎಲ್ಲಿಗೆ ಹೋಗುತ್ತೋ ಗೊತ್ತಿಲ್ಲಪ್ಪ. ಗೋಡೆ ಮೇಲಿನದು ಮಾತ್ರ ನನಗೆ. ಎರಡು ವಾರದಿಂದ ಒಂದೇ ಮೆಟ್ಟಿಲಲ್ಲಿ ನಿಂತಿರೋ ಮಗು ಕಂಡರೆ ಮಧ್ಯಾಹ್ನ ಊಟ ಆದ ಮೇಲೆ ಪಕ್ಕಕ್ಕೆ ಕೂರಿಸಿಕೊಳ್ತೀನಿ. ಕೆಲವು ಸಲ ಪಾಠದ ತೊಂದರೆ. ಹೆಚ್ಚಿನ ಸಲ ಮನೇಲಿ ತಮ್ಮನ್ನ ನೋಡಿಕೊಳ್ಳೋಕೆ ಯಾರೂ ಇರಲ್ಲ, ಅಷ್ಟೇ. ಅದಕ್ಕೆ ನಿನ್ನ ಕೆಂಪು ಬಣ್ಣ ಏನು ಮಾಡುತ್ತೆ?" ಅಂತ ಕೇಳಿದರು. ಸೋಮವಾರದ ಮೀಟಿಂಗಿನಲ್ಲಿ ನಾನು ಇದನ್ನೇ ಕೇಳಿದೆ. ಕೆಂಪಾದ ಮಗುವಿನ ಪಕ್ಕ, ಟೀಚರ್ ತನಗೆ ಗೊತ್ತಾದ ಕಾರಣ ಬರೆಯಲು ಒಂದು ಖಾಲಿ ಜಾಗ ಇಡೋಣ ಎಂದೆ. ಡ್ರಾಪ್‌ಡೌನ್ ಬೇಡ, ಬರೀ ಬರೆಯುವ ಜಾಗ. ಮುಂದಿನ ರಿಲೀಸಿಗೆ ನೋಡೋಣ ಅಂದಿದ್ದಾರೆ.

ಬಳ್ಳಾರಿಯ ಎಕ್ಸೆಲ್ ಹಾಳೆ ಬೇಕಾದವರು ಕಾಮೆಂಟಿನಲ್ಲಿ ತಿಳಿಸಿ, ಕಳಿಸುತ್ತೇನೆ. ಕೆನರಾದ ಸಾಲು ಖಾಲಿಯೇ ಇಟ್ಟಿದ್ದೇನೆ. ಹಾಗೇ ಇನ್ನೊಂದು ವಿಷಯ. ನಿಮ್ಮ ಅಜ್ಜನ ಮನೆಯ ಅಟ್ಟದಲ್ಲಿ, ಕಪ್ಪು ಬಟ್ಟೆಯ, ಮಡಿಕೆ ಮಡಿಕೆಯಾಗಿ ಬಿಚ್ಚುವ ಹಳೇ ಕಡತ ಏನಾದರೂ ಇದ್ದರೆ ದಯವಿಟ್ಟು ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಒಂದು ಫೋಟೋ ತೆಗೆದು ಹಾಕಿ.